ಜಗಳ ತೆಗೆದವರಿಗೂ ತೆಗೆಯಲಿರುವವರಿಗೂ ಸೂಚನೆ: ಮಾಡಬಾರದ್ದು, ಮಾಡಬೇಕಾದ್ದು

ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಲ್ಲಿ ಒಡ್ಡಿನ ತಕರಾರು ಇರುವವರು, ಕಾಲುವೆ ನೀರಿಗೆ ಸರದಿ ಕಾಯುವವರು, ಹೊಲದ ದಾರಿಗೆ ಅಣ್ಣ-ತಮ್ಮಂದಿರ ಜೊತೆಗೇ ಬಡಿದಾಡುವವರು ಮುಂಗಾರು ಬಿತ್ತನೆಗೆ ಮೊದಲು ಇದನ್ನು ಓದಬೇಕು. ಓದಲು ಬಾರದ ಹಿರಿಯರಿಗೆ ಮನೆಯ ಹುಡುಗರು ಓದಿ ಹೇಳಬೇಕು. ಕೇಸು ಬಿದ್ದ ಮೇಲೆ ಓದಿದರೆ ಅರ್ಧ ಉಪಯೋಗ ಮಾತ್ರ.

"ಅವನೂ ಹೊಡೆದ, ಅದಕ್ಕೇ ನಾನೂ ಹೊಡೆದೆ" ಎಂಬುದು ಆತ್ಮರಕ್ಷಣೆ ಅಲ್ಲ. ಅವನು ಯಾಕೆ ಹೊಡೆದ ಅನ್ನುವುದನ್ನೂ ಕೋರ್ಟು ಕೇಳುತ್ತದೆ. ನೀವು ಮೊದಲು ಮೈಮೇಲೆ ಬಿದ್ದದ್ದಕ್ಕೆ ಅವನು ಹೊಡೆದಿದ್ದರೆ, ಅಳತೆ ಮೀರದ ಆ ಏಟು ಅವನ ಹಕ್ಕು. ಕಾನೂನು ಆತ್ಮರಕ್ಷಣೆಯ ಹಕ್ಕು ಕೊಟ್ಟಿರುವುದು ಅಪರಾಧದ ವಿರುದ್ಧ. ಹಕ್ಕಿನಿಂದ ಹೊಡೆದವನು ಅಪರಾಧ ಮಾಡಿಲ್ಲ, ಹಾಗಾಗಿ ಅವನ ವಿರುದ್ಧ ನಿಮಗೆ ಹಕ್ಕು ಹುಟ್ಟುವುದಿಲ್ಲ. ಮುಂದಿನ ಸೂಚನೆಗಳೆಲ್ಲ ಇದರ ಮೇಲೇ ನಿಂತಿವೆ.

ಕಾನೂನು ಎಲ್ಲಿದೆ ಎಂದರೆ, ಭಾರತೀಯ ನ್ಯಾಯ ಸಂಹಿತೆಯ ಕಲಂ 34ರಿಂದ 44ರವರೆಗೆ. ಈ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕೆ ಮೊದಲು ಇದೇ ವಿಷಯ 1860ರ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಂಗಳಲ್ಲಿ ಇತ್ತು. ಹಳೇ ಕೇಸುಗಳು ಇನ್ನೂ ಆ ಅಂಕಿಗಳಲ್ಲೇ ನಡೆಯುತ್ತಿವೆ. ಅಂಕಿ ಬದಲಾಗಿದೆ, ತತ್ವ ಬದಲಾಗಿಲ್ಲ.

ಮಾಡಬಾರದ್ದು

ಮಂದಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಡಿ. ಈ ಮೂರು ತಾಲೂಕುಗಳಲ್ಲಿ ಜಗಳ ಬೆಳೆಯುವ ದಾರಿ ಹೆಚ್ಚುಕಡಿಮೆ ಒಂದೇ. ಸಂಜೆ ತೊಗರಿ ಹೊಲದ ಕಡೆ ಹೋದವನಿಗೆ ಪಕ್ಕದವನ ಟ್ರ್ಯಾಕ್ಟರು ಒಡ್ಡಿನ ಮೇಲೆ ಹಾದ ಗುರುತು ಕಾಣುತ್ತದೆ. ಎರಡು ಸಾಲು ಒಳಗೆ ಬಂದಿದೆ. ಬಾಂದುಕಲ್ಲು ಮಗ್ಗುಲಿಗೆ ಬಿದ್ದಿದೆ. ಮನೆಗೆ ಬಂದವನು ಊಟಕ್ಕೆ ಏಳುವುದಿಲ್ಲ. ತಮ್ಮಂದಿರಿಗೆ, ಅಳಿಯನಿಗೆ ಫೋನು ಹೋಗುತ್ತದೆ. ಬೆಳಗಾದರೆ ಆರೇಳು ಮಂದಿ, ಕೈಯಲ್ಲಿ ಬಡಿಗೆ, ಒಬ್ಬನ ಹೆಗಲ ಮೇಲೆ ಕೊಡಲಿ. "ಕಟಗಿ ಕಡೀಲಿಕ್ಕೆ ತಂದಿದ್ದೆರೀ" ಅಂತ ಆಮೇಲೆ ಹೇಳುವ ಕೊಡಲಿ ಅದು. "ಏನಲೇ" ಅಂದರೆ "ಏನಲೇ", ಕೊರಳಪಟ್ಟಿಗೆ ಕೈ. ಎದುರಿನವನು ಕೈಯಲ್ಲಿದ್ದ ಸಲಿಕೆ ಬೀಸುತ್ತಾನೆ, ಇವನ ಮುಂಗೈ ಒಡೆದು ರಕ್ತ ಬರುತ್ತದೆ. ಆಗ ಕೊಡಲಿ ಏಳುತ್ತದೆ.

ಠಾಣೆಯಲ್ಲಿ ಇವನು ಹೇಳುವುದು, ಮೊದಲು ರಕ್ತ ಬಂದದ್ದು ನನಗೆ ಅಂತ. ಸುಳ್ಳಲ್ಲ. ಆದರೂ ಆ ಮಾತು ಅವನನ್ನು ಉಳಿಸುವುದು ಕಷ್ಟ. ಒಡ್ಡು ಹರಿದದ್ದು ಕಂಡದ್ದು ಸಂಜೆ, ಹೋದದ್ದು ಬೆಳಗ್ಗೆ. ನಡುವೆ ಇಡೀ ರಾತ್ರಿ ಇತ್ತು. ಸರ್ಕಾರಿ ಅಧಿಕಾರಿಗಳ ರಕ್ಷಣೆ ಕೇಳಲು ಹೊತ್ತು ಇದ್ದಾಗ ಆತ್ಮರಕ್ಷಣೆಯ ಹಕ್ಕಿಲ್ಲ ಎಂದು ಕಲಂ 37 ಬಿಡಿಸಿ ಹೇಳುತ್ತದೆ. ಐದು ಮಂದಿ ಅಥವಾ ಹೆಚ್ಚು ಜನ ಕೆಟ್ಟ ಉದ್ದೇಶಕ್ಕೆ ಕೂಡಿದರೆ ಅದು ಅಕ್ರಮ ಕೂಟ, ಕಲಂ 189. ಆ ಕೂಟದ ಒಬ್ಬ ಮಾಡಿದ ಕೃತ್ಯಕ್ಕೆ ಉಳಿದವರೂ ಹೊಣೆ, ಕಲಂ 190. ಸುಮ್ಮನೆ ಜೊತೆಗೆ ಬಂದಿದ್ದೆ ಅನ್ನುವ ಅಳಿಯನೂ ಐದನೇ ಅಥವಾ ಆರನೇ ಆರೋಪಿಯಾಗಿ (ಎ5, ಎ6) ಅದೇ ಕಟಕಟೆಯಲ್ಲಿ ನಿಲ್ಲುತ್ತಾನೆ. ಸಲಿಕೆ ಬೀಸಿದವನೋ, ಏಳು ಮಂದಿ ಎದುರು ಒಬ್ಬನೇ ನಿಂತವನು. ಕೊರಳಪಟ್ಟಿಗೆ ಕೈ ಬಿದ್ದ ಕ್ಷಣದಲ್ಲೇ ಅವನ ಹಕ್ಕು ಶುರುವಾಗಿತ್ತು.

ಇದು ನನ್ನ ಊಹೆಯ ಮಾತಲ್ಲ. 1974ರ ಕಾನೂನು ವರದಿಗಳಲ್ಲಿ ಕಿಶನ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಎಂಬ ಸುಪ್ರೀಂ ಕೋರ್ಟ್ ತೀರ್ಪಿದೆ. ಕೂಡಿ ಹೋದವರು ಒಬ್ಬನನ್ನು ಹೊಡೆಯಲು ಶುರುಮಾಡುತ್ತಾರೆ. ಅವನು ಬಿಡಿಸಿಕೊಂಡು, ಕೈಗೆ ಸಿಕ್ಕ ಕಟ್ಟಿಗೆಯಿಂದ ಅವರಲ್ಲೊಬ್ಬನಿಗೆ ಬಾರಿಸುತ್ತಾನೆ. ಅದೇ ಕಟ್ಟಿಗೆ ಕಸಿದುಕೊಂಡು ಅವನ ತಲೆಗೆ ಹೊಡೆಯುತ್ತಾರೆ, ಅವನು ಸಾಯುತ್ತಾನೆ. ನಮ್ಮವನ ಮೇಲೆ ಏಟು ಬಿತ್ತಲ್ಲ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಸತ್ತವನು ಹೊಡೆದದ್ದು ಆತ್ಮರಕ್ಷಣೆಗೆ, ಮೇಲೆ ಬಿದ್ದು ಹೋದವರಿಗೆ ಆ ಹಕ್ಕು ಇರಲಿಲ್ಲ ಎಂದು ಕೋರ್ಟು ತೀರ್ಮಾನಿಸಿತು.

ಎರಡೂ ಕಡೆಯವರು ತಯಾರಾಗಿ ಬಂದು ಬಡಿದಾಡಿದರೆ? ಆಗ ಯಾರು ಮೊದಲು ಅನ್ನುವ ಪ್ರಶ್ನೆಯೇ ಬಿದ್ದುಹೋಗುತ್ತದೆ. ಎರಡೂ ಕಡೆಗೆ ಆತ್ಮರಕ್ಷಣೆ ಇಲ್ಲ, ಅವರವರ ಏಟಿಗೆ ಅವರವರೇ ಹೊಣೆ. 1954ರ ಗಜಾನಂದ್ ತೀರ್ಪಿನಿಂದ ಇದು ನಡೆದುಬಂದಿದೆ.

ವಾಟ್ಸಾಪ್ ಸ್ಟೇಟಸ್ಸಿನಲ್ಲಿ "ನಾಳೆ ತೋರಿಸ್ತೀನಿ" ಅಂತ ಹಾಕಬೇಡಿ. ಆತ್ಮರಕ್ಷಣೆಯಲ್ಲಿ ಅಳತೆ ಮೀರಿ ಸಾವು ಸಂಭವಿಸಿದರೂ, ಮೊದಲೇ ಯೋಚಿಸಿರದಿದ್ದರೆ, ಸದ್ಭಾವನೆಯಿಂದ ಮಾಡಿದ್ದರೆ ಕೊಲೆಯ ಕಲಂನಿಂದ ಇಳಿಯುವ ದಾರಿ ಇದೆ. ಕಲಂ 101ರ ಎರಡನೇ ವಿನಾಯಿತಿ ಅದೇ. ಮರಣದಂಡನೆ ಅಥವಾ ಜೀವಾವಧಿ ಇರುವ 103ಕ್ಕೂ, ಅದಕ್ಕಿಂತ ಕೆಳಗಿನ 105ಕ್ಕೂ ನಡುವೆ ಒಬ್ಬ ಮನುಷ್ಯನ ಬಾಳೇ ಇದೆ. ಹಿಂದಿನ ರಾತ್ರಿಯ ಸ್ಟೇಟಸ್ಸು ಆ ದಾರಿಯನ್ನು ಮುಚ್ಚಿಬಿಡಬಹುದು. ಅಳಿಸಿದರೂ ಯಾರೋ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರುತ್ತಾರೆ.

ಬೈಯಬೇಡಿ. ಇಲ್ಲಿ ಮಾತ್ರ ಒಂದು ಭೇದ ಗೊತ್ತಿರಲಿ. ಬೈದವನು ಮತ್ತು ಕೈ ಮಾಡಿದವನು ಕಾನೂನಿನ ಮುಂದೆ ಒಂದೇ ಅಲ್ಲ. ಬರೀ ಮಾತು ಹಲ್ಲೆ ಆಗುವುದಿಲ್ಲ. ನೀವು ಅವ್ವ-ಅಪ್ಪನನ್ನು ಹಿಡಿದು ಬೈದಿರಿ, ಅದಕ್ಕೆ ಅವನು ಕುಡುಗೋಲು ಹಿಡಿದು ಬಂದ ಅನ್ನೋಣ. ಬೈದದ್ದಕ್ಕೆ ನಿಮ್ಮ ಮೇಲೆ 352, 351ರ ಕೇಸು ಬರಬಹುದು. ಆದರೆ ಜೀವ ಉಳಿಸಿಕೊಳ್ಳುವ ಹಕ್ಕು ಅಷ್ಟಕ್ಕೇ ಹೋಗುವುದಿಲ್ಲ, ಯಾಕೆಂದರೆ ಬೈಗುಳಕ್ಕೆ ಕುಡುಗೋಲಿನಿಂದ ಉತ್ತರ ಕೊಡುವ ಹಕ್ಕು ಅವನಿಗಿಲ್ಲ. "ಜಗಳ ನೀನೇ ತೆಗೆದೆ, ಸಾಯಿ" ಎಂದು ಯಾವ ಕಾನೂನೂ ಹೇಳಿಲ್ಲ. ಅದೇ, ಅವನು ಕೈ ಎತ್ತಲಿ, ಆಮೇಲೆ ನೋಡಿಕೊಳ್ಳೋಣ ಅಂತ ಲೆಕ್ಕ ಹಾಕಿ ಕೆಣಕಿದ್ದರೆ ನಿಮಗೆ ಏನೂ ಸಿಗುವುದಿಲ್ಲ. ನೆಪಕ್ಕಾಗಿ ತಾನೇ ಬರಮಾಡಿಕೊಂಡ ಪ್ರಚೋದನೆಗೆ ವಿನಾಯಿತಿ ಇಲ್ಲ ಎಂದು ಕಲಂ 101 ಬರೆದೇ ಇಟ್ಟಿದೆ. ಪರಿಶಿಷ್ಟ ಜಾತಿ-ಪಂಗಡದವರನ್ನು ಜಾತಿ ಎತ್ತಿ ಬೈದರೆ ಅದು ಬೇರೆಯೇ ಕೇಸು, 1989ರ ದೌರ್ಜನ್ಯ ತಡೆ ಕಾಯ್ದೆಯದು. ಅದರಲ್ಲಿ ಕಲಂ 18 ನಿರೀಕ್ಷಣಾ ಜಾಮೀನಿಗೆ ಅಡ್ಡ ನಿಲ್ಲುತ್ತದೆ.

ಓಡುವವನ ಬೆನ್ನು ಹತ್ತಬೇಡಿ. ಇದು ಜಗಳ ತೆಗೆದವನಿಗೂ ಇದೆ, ಹೊಡೆಸಿಕೊಂಡವನಿಗೂ ಇದೆ. ಕಲಂ 40ರ ಪ್ರಕಾರ ದೇಹದ ರಕ್ಷಣೆಯ ಹಕ್ಕು ಅಪಾಯದ ನ್ಯಾಯವಾದ ಭಯದೊಂದಿಗೆ ಶುರುವಾಗಿ, ಆ ಭಯ ಇರುವ ತನಕ ಮಾತ್ರ ಉಳಿಯುತ್ತದೆ. ಅವನು ಬಡಿಗೆ ಎಸೆದು ಓಡಿದ ಮೇಲೆ ಬೀಳುವ ಏಟು ಸೇಡಿನ ಏಟು. ಹೊಲದ ಜಗಳದಲ್ಲೇ ಹುಟ್ಟಿದ ಜೈದೇವ್ ವಿರುದ್ಧ ಪಂಜಾಬ್ ರಾಜ್ಯ ಎಂಬ 1963ರ ಪ್ರಕರಣದಲ್ಲಿ, ಗುಂಪು ಚದುರಿ ಓಡತೊಡಗಿದ ಮೇಲೆ ಹಾರಿಸಿದ ಗುಂಡಿಗೆ ಸುಪ್ರೀಂ ಕೋರ್ಟು ರಕ್ಷಣೆ ಕೊಡಲಿಲ್ಲ.

ಹೊಲ ನನ್ನದೇ, ಪಹಣಿ ನನ್ನ ಹೆಸರಿಗೇ ಇದೆ ಅಂತ ಬೆಳೆದು ನಿಂತ ಬೆಳೆಯ ಮೇಲೆ ಟ್ರ್ಯಾಕ್ಟರು ಹೊಡೆಯಬೇಡಿ. ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲೇ. ದೆಹಲಿಯ ಹತ್ತಿರದ ಹೊಲವೊಂದರಲ್ಲಿ ಉಳುತ್ತಿದ್ದವರನ್ನು ಬಿಡಿಸಲು ಟ್ರ್ಯಾಕ್ಟರು ತಂದಾಗ ಹೊಡೆದಾಟವಾಗಿ, 1968ರಲ್ಲಿ ವರದಿಯಾದ ಮುನ್ಷಿರಾಮ್ ತೀರ್ಪು ಬಂತು. ನಿಜವಾದ ಮಾಲೀಕನೂ ನೆಲೆಯೂರಿದ ಕಬ್ಜೆದಾರನನ್ನು ತೋಳ್ಬಲದಿಂದ ಎಬ್ಬಿಸುವಂತಿಲ್ಲ, ಕಾನೂನಿನ ದಾರಿಯಲ್ಲೇ ಹೋಗಬೇಕು, ಎಬ್ಬಿಸಲು ಬಂದರೆ ತಡೆಯುವ ಹಕ್ಕು ಕಬ್ಜೆದಾರನಿಗೆ ಇದೆ ಎಂದಿತು ಕೋರ್ಟು. 1975ರ ಪೂರಣ್ ಸಿಂಗ್ ತೀರ್ಪು ಇನ್ನೂ ಮುಂದೆ ಹೋಯಿತು. ಕಬ್ಜೆ ನೆಲೆಯೂರಿದೆಯೋ ಇಲ್ಲವೋ ತಿಳಿಯಲು ಒಂದು ಗುರುತು ಬೆಳೆ. ಅತಿಕ್ರಮಿಸಿದವನೇ ಬೆಳೆ ಬೆಳೆದು ನಿಂತಿದ್ದರೂ ಅದನ್ನು ಹಾಳು ಮಾಡಿ ಹೊಲ ಹಿಡಿಯುವ ಹಕ್ಕು ಮಾಲೀಕನಿಗಿಲ್ಲ. ಅಂದರೆ ಹತ್ತಿ ಹೂವಿಗೆ ಬಂದ ಹೊಲಕ್ಕೆ ರೂಟರ್ ಹೊಡೆಯಲು ಹೋದ ಮಾಲೀಕನೇ ಜಗಳ ತೆಗೆದವನಾಗುತ್ತಾನೆ. ಪಹಣಿ ಅವನ ಜೇಬಿನಲ್ಲೇ ಇದ್ದರೂ.

ಹಾಗೆಂದು ನಿನ್ನೆ ರಾತ್ರಿ ಒಡ್ಡು ಒಡೆದವನಿಗೆ ಈ ರಕ್ಷಣೆ ಸಿಗುವುದಿಲ್ಲ. ಒತ್ತುವರಿ ನಡೆಯುತ್ತಿರುವಾಗಲೇ ತಡೆಯಬಹುದು, ಹೊರಗೆ ದಬ್ಬಬಹುದು. ಆದರೆ ಆಸ್ತಿಗಾಗಿ ಜೀವ ತೆಗೆಯುವ ಮಟ್ಟಕ್ಕೆ ಹಕ್ಕು ಹೋಗುವ ಸಂದರ್ಭಗಳನ್ನು ಕಲಂ 41 ಎಣಿಸಿ ಹೇಳಿದೆ. ದರೋಡೆ, ಸೂರ್ಯ ಮುಳುಗಿ ಮೂಡುವುದರೊಳಗಿನ ಮನೆಗಳವು, ಜನ ಇರುವ ಮನೆಗೆ ಬೆಂಕಿ, ಜೀವಭಯ ಹುಟ್ಟಿಸುವ ಕಳವು ಅಥವಾ ಮನೆನುಗ್ಗುವಿಕೆ, ಇಂಥವು. ಒಡ್ಡು ಸರಿಸಿದ್ದು ಆ ಪಟ್ಟಿಯಲ್ಲಿಲ್ಲ.

ರಾತ್ರಿ ಹೊತ್ತು ತೂಬಿನ ಗೇಟಿಗೆ ಕೈ ಹಾಕಬೇಡಿ. ನಾರಾಯಣಪುರ ಎಡದಂಡೆಯ ಕೊನೆಯ ಹೊಲಗಳಿಗೆ ನೀರು ಮುಟ್ಟುವುದಿಲ್ಲ ಎಂಬ ಸಿಟ್ಟು ನ್ಯಾಯವಾದದ್ದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನೀರಾವರಿ ಕೆಲಸಕ್ಕೆ ಕೆಡುಕು ಮಾಡಿದರೆ ಕಲಂ 326ರಲ್ಲಿ 5 ವರ್ಷದ ತನಕ ಶಿಕ್ಷೆ ಇದೆ. ಗೇಟು ಮುರಿಯುವವನನ್ನು ತಡೆಯುವ ಹಕ್ಕು ಅಲ್ಲಿದ್ದ ಯಾರಿಗಾದರೂ ಇದೆ, ಬೇರೆಯವರ ಆಸ್ತಿಯನ್ನು ಕಾಯಲೂ ಕಲಂ 35 ಅವಕಾಶ ಕೊಡುತ್ತದೆ. ತಡೆಯಲು ಬಂದವನಿಗೆ ನೀವು ಹೊಡೆದರೆ "ಅವನು ನನ್ನ ಕೈ ಹಿಡಿದಿದ್ದ" ಅನ್ನುವುದು ಉತ್ತರವಲ್ಲ.

ಮಾಡಬೇಕಾದ್ದು

ಜಗಳ ನೀವೇ ತೆಗೆದಿದ್ದೀರಿ, ಕೈ ಮೀರುತ್ತಿದೆ. ಆಗ ಹಿಂದೆ ಸರಿಯಿರಿ. ಸರಿದದ್ದು ಎದುರಿನವನಿಗೂ ಸುತ್ತ ನಿಂತವರಿಗೂ ತಿಳಿಯಬೇಕು. ಕೈಯಲ್ಲಿದ್ದದ್ದು ಕೆಳಗೆ ಹಾಕಿ. ಗಟ್ಟಿಯಾಗಿ ಹೇಳಿ: "ನಂದು ತಪ್ಪಾತು ಕಾಕಾ, ನಾ ಹೊಂಟೀನಿ, ಬಿಡ್ರಿ." ಹೇಳಿ ನಿಂತಲ್ಲೇ ನಿಲ್ಲದೆ ನಡೆಯಿರಿ. ಮರ್ಯಾದೆ ಹೋಗುತ್ತದೆ ಅಂದುಕೊಳ್ಳಬೇಡಿ. ಕೋರ್ಟಿನಲ್ಲಿ ನಾಲ್ಕು ಜನ ಸಾಕ್ಷಿಗಳು "ಇವನು ಬಿಟ್ಟು ಹೊಂಟಿದ್ದರೀ" ಅಂದರೆ ಆ ಮಾತಿಗೆ ಬೆಲೆ ಕಟ್ಟಲಾಗದು.

ಜಗಳ ಬಿಟ್ಟವನಿಗೆ ಹಕ್ಕು ಮರಳಿ ಬರುತ್ತದೆ ಎಂದು ನಮ್ಮ ಸಂಹಿತೆಯಲ್ಲಿ ಪ್ರತ್ಯೇಕ ಕಲಂ ಇಲ್ಲ. ಅಮೆರಿಕದ ಹಲವು ರಾಜ್ಯಗಳ ಕಾನೂನಿನಲ್ಲಿ ಅದನ್ನು ಬರೆದೇ ಇಟ್ಟಿದ್ದಾರೆ: ಮೊದಲು ಮೇಲೆ ಬಿದ್ದವನು ನಿಜವಾಗಿ ಹಿಂದೆ ಸರಿದು, ಅದನ್ನು ತಿಳಿಸಿ, ಆದರೂ ಎದುರಿನವನು ಬಿಡದಿದ್ದರೆ ಹಕ್ಕು ಮರಳುತ್ತದೆ. ನಮ್ಮಲ್ಲಿ ಅದೇ ಊರಿಗೆ ಹೋಗುವ ದಾರಿ ಕಲಂ 40ರ ಮೂಲಕ. ನೀವು ಸರಿದ ಮೇಲೆ ಎದುರಿನವನಿಗೆ ಭಯದ ಕಾರಣ ಉಳಿಯುವುದಿಲ್ಲ, ಅವನ ಹಕ್ಕು ಮುಗಿಯುತ್ತದೆ. ಆಮೇಲೂ ಅವನು ಬೆನ್ನು ಹತ್ತಿ ಬಂದರೆ ಅದು ಅವನ ಹೊಸ ಅಪರಾಧ, ಅದರ ವಿರುದ್ಧ ನಿಮ್ಮ ಹಕ್ಕು ಎದ್ದು ನಿಲ್ಲುತ್ತದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಕಲ್ಲು ಆರಿಸಿಕೊಂಡು ಬಂದದ್ದು ಸರಿದದ್ದಲ್ಲ.

ಹೊಡೆಯಲೇಬೇಕಾದರೆ ಬಿಡಿಸಿಕೊಳ್ಳಲು ಬೇಕಾದಷ್ಟೇ. ಪ್ರಾಣಭಯದಲ್ಲಿ ಇರುವವನ ಏಟನ್ನು ಬಂಗಾರದ ತಕ್ಕಡಿಯಲ್ಲಿ ತೂಗಬಾರದು ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. 2010ರ ದರ್ಶನ್ ಸಿಂಗ್ ತೀರ್ಪಿನಲ್ಲಿ ಈ ತತ್ವಗಳನ್ನೆಲ್ಲ ಒಂದೆಡೆ ಕೂಡಿಸಿಟ್ಟಿದೆ. ಆದರೆ ಆ ಔದಾರ್ಯ ತಪ್ಪಿಲ್ಲದೆ ಸಿಕ್ಕಿಬಿದ್ದವನಿಗೆ. ಬಡಿಗೆ ಹಿಡಿದು ತಾನೇ ಹೋದವನಿಗೆ ತಕ್ಕಡಿ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ.

ಆಸ್ಪತ್ರೆಗೆ ಹೋಗಿ. ಅದೇ ದಿನ, ಸಣ್ಣ ಗಾಯವಾದರೂ. ಯಾದಗಿರಿಯ ಜಿಲ್ಲಾ ಆಸ್ಪತ್ರೆಯಾಗಲಿ, ಶಹಾಪುರ-ಸುರಪುರದ ತಾಲೂಕು ಆಸ್ಪತ್ರೆಯಾಗಲಿ, "ಜಗಳದಾಗ ಆದದ್ದು" ಅಂತಲೇ ಹೇಳಿ, ಪೊಲೀಸರಿಗೂ ಹೋಗುವ ಗಾಯದ ದಾಖಲೆಯಾದ ಎಂಎಲ್‌ಸಿ ಮಾಡಿಸಿ. ಕೇಸಿನ ಅಂಜಿಕೆಗೆ "ಬೈಕಿನಿಂದ ಬಿದ್ದೆ" ಎಂದು ಬರೆಸಿದರೆ ಮುಂದೆ ನಿಮ್ಮ ಗಾಯವೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಆರೋಪಿಯ ಮೈಮೇಲಿನ ಗಂಭೀರ ಗಾಯಕ್ಕೆ ಪ್ರಾಸಿಕ್ಯೂಷನ್ ವಿವರಣೆ ಕೊಡದಿದ್ದರೆ ಅದರ ಕಥೆಯನ್ನೇ ಅನುಮಾನಿಸಬಹುದು ಎಂದು 1976ರ ಲಕ್ಷ್ಮಿ ಸಿಂಗ್ ವಿರುದ್ಧ ಬಿಹಾರ ರಾಜ್ಯ ತೀರ್ಪು ಹೇಳಿದೆ. ಆ ಲಾಭ ಸಿಗಬೇಕಾದರೆ ಗಾಯ ದಾಖಲೆಯಲ್ಲಿ ಇರಬೇಕು. ಯಾರಿಗೆ ಹೆಚ್ಚು ಗಾಯವೋ ಅವನೇ ಪಾಪದವನು ಎಂಬ ಲೆಕ್ಕ ಮಾತ್ರ ಕೋರ್ಟಿನಲ್ಲಿಲ್ಲ. ಗಾಯದ ಎಣಿಕೆಯಿಂದಲೇ ಮೇಲೆ ಬಿದ್ದವರು ಯಾರು ಎಂದು ಹೇಳಲಾಗದು.

112ಕ್ಕೆ ಫೋನು ಮಾಡಿ, ಠಾಣೆಗೆ ಹೋಗಿ. ಯಾವ ಠಾಣೆಯ ಸರಹದ್ದು ಎಂಬ ನೆಪ ಹೇಳಿ ವಾಪಸು ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಎಲ್ಲಿ ಕೊಟ್ಟರೂ ದೂರು ದಾಖಲಾಗಬೇಕು. ತೆಗೆದುಕೊಳ್ಳದಿದ್ದರೆ ಎಸ್ಪಿಯವರಿಗೆ ಬರವಣಿಗೆಯಲ್ಲಿ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಇದ್ದದ್ದು ಇದ್ದಂತೆ ಹೇಳಿ. "ನಾ ಆ ದಿನ ಊರಾಗೇ ಇರಲಿಲ್ಲ, ಯಾದಗಿರಿ ಸಂತಿಗಿ ಹೋಗಿದ್ದೆ" ಅನ್ನುವ ಕಥೆ ಕಟ್ಟಿದರೆ ಆತ್ಮರಕ್ಷಣೆಯ ವಾದವನ್ನು ನಿಮ್ಮ ಕೈಯಾರೆ ಕೊಂದಂತೆ. ಅಲ್ಲಿ ಇಲ್ಲದವನು ತನ್ನನ್ನು ಹೇಗೆ ಕಾಪಾಡಿಕೊಂಡ? ಆತ್ಮರಕ್ಷಣೆಯನ್ನು ತೋರಿಸಿಕೊಡುವ ಹೊಣೆ ಆರೋಪಿಯದು, ಸಾಕ್ಷ್ಯ ಅಧಿನಿಯಮದ ಕಲಂ 108. ಆದರೆ ಪ್ರಾಸಿಕ್ಯೂಷನ್‌ನವರ ಹಾಗೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಅವರ ಸಾಕ್ಷಿಗಳ ಬಾಯಿಂದಲೇ ಅದು ಹೊರಬಿದ್ದರೂ ನಡೆಯುತ್ತದೆ. ಮೊದಲು ಕೊರಳಪಟ್ಟಿ ಹಿಡಿದದ್ದು ನೀವೇ ಆಗಿದ್ದರೆ ಅದನ್ನೂ ವಕೀಲರಿಗೆ ಮುಚ್ಚಿಡಬೇಡಿ. ಅವರಿಗೆ ಅದು ಎದುರು ಪಕ್ಷದ ಪಾಟೀ ಸವಾಲಿನಲ್ಲಿ ಗೊತ್ತಾಗಬಾರದು.

ಒಂದೇ ಜಗಳಕ್ಕೆ ಎರಡೂ ಕಡೆಯವರ ಮೇಲೆ ಕೇಸು, ಅಂದರೆ ಕೌಂಟರ್ ಕೇಸು, ಆಗಿದ್ದರೆ ಎರಡನ್ನೂ ಒಬ್ಬರೇ ನ್ಯಾಯಾಧೀಶರು, ಒಂದರ ಹಿಂದೊಂದು ವಿಚಾರಣೆ ಮಾಡಿ, ಒಂದರ ಸಾಕ್ಷ್ಯ ಇನ್ನೊಂದಕ್ಕೆ ಬೆರೆಸದೆ ತೀರ್ಪು ಕೊಡಬೇಕು. 1990ರ ನಾಥಿಲಾಲ್ ತೀರ್ಪಿನ ನಿರ್ದೇಶನವಿದು. ಬೇರೆ ಬೇರೆ ಕೋರ್ಟಿನಲ್ಲಿ ನಡೆಯುತ್ತಿದ್ದರೆ ವಕೀಲರಿಗೆ ನೆನಪಿಸಿ.

ಕಟ್ಟೆ ಮೇಲಿನ ರಾಜಿಯನ್ನೇ ನಂಬಿ ಕೂಡಬೇಡಿ. ಕೈಯಿಂದ ಹೊಡೆದ ಸಾದಾ ಗಾಯದ ಕೇಸು, ನ್ಯಾಯ ಸಂಹಿತೆಯ 115(2), ರಾಜಿಯಾಗುತ್ತದೆ. ಕೊಡಲಿ, ಕುಡುಗೋಲು ಬಂದ ಕೂಡಲೇ ಅದು 118. ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿ ಅದು ಇಲ್ಲ. ಹಿರಿಯರು ಕೂಡಿಸಿ ಕೈ ಕುಲುಕಿಸಿದರೂ ಕೇಸು ನಡೆಯುತ್ತಲೇ ಇರುತ್ತದೆ, ರದ್ದು ಕೇಳಲು ಹೈಕೋರ್ಟಿನ ಕಲಬುರಗಿ ಪೀಠದ ತನಕ ಹೋಗಬೇಕು.

ಇನ್ನು ಒಡ್ಡಿನ ಮಾತು. ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೇಯರ್ ಬಂದು ಕಲ್ಲು ನೆಡಲಿ. ಬಡಿದಾಟ ಆಗುವ ಸೂಚನೆ ಇದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 126ರಲ್ಲಿ ಎದುರಿನವರಿಂದ ಶಾಂತಿ ಕಾಯುವ ಮುಚ್ಚಳಿಕೆ ಬರೆಸಿಕೊಳ್ಳಲು ಕೇಳಬಹುದು. ಹೊಲದ ಕಬ್ಜೆ ಅಥವಾ ನೀರಿನ ತಕರಾರು ಶಾಂತಿಭಂಗದ ಮಟ್ಟಕ್ಕೆ ಬಂದಿದ್ದರೆ ಕಲಂ 164 ಇದೆ. ನಿಮ್ಮನ್ನು ಬಲವಂತವಾಗಿ ಹೊರಗೆ ಹಾಕಿದ್ದರೆ 6 ತಿಂಗಳೊಳಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6ರಲ್ಲಿ ದಾವೆ ಹೂಡಿ. ಮಾಲೀಕತ್ವ ಯಾರದೆಂದು ಕೇಳದೆ ಕಬ್ಜೆ ವಾಪಸು ಕೊಡಿಸುವ ಕಲಂ ಅದು. ತಡವಾಗುತ್ತದೆ ನಿಜ. ಸೆಷನ್ಸ್ ಕೇಸು ಮುಗಿಯಲು ಅದಕ್ಕಿಂತ ತಡವಾಗುತ್ತದೆ, ಅಷ್ಟರಲ್ಲಿ ಆ ಎರಡು ಸಾಲಿನ ಹೊಲ ಬೇರೆ ಯಾರೋ ಬಿತ್ತುತ್ತಿರುತ್ತಾರೆ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಸುಮ್ಮನಿರಬೇಡಿ. ಯಾದಗಿರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ನಿಮ್ಮ ತಾಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ಜೈಲಿನಲ್ಲಿ ಇರುವವರಿಗೆ ಆದಾಯ ಎಷ್ಟೆಂದು ಕೇಳದೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ. ಜಗಳ ತೆಗೆದವನೇ ಆಗಿದ್ದರೂ ಕೊಡಬೇಕು. ಫೋನು 15100.